ಚಾರ್ಮಾಡಿಯಲ್ಲಿ ಹಬೆ

ಚಾರ್ಮಾಡಿ ಘಾಟಿ ಅರ್ಧ ಹತ್ತುವಷ್ಟರಲ್ಲಿ ನಮ್ಮ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಸಂದಿಯಿಂದ ಹಬೆ. "ಇಡ್ಲಿ ಹಿಟ್ಟು ತಂದಿದ್ದರೆ ತಿಂಡಿಯಾಗುತ್ತಿತ್ತು" ಎಂದಳು ಹೆಂಡತಿ. ಬಾಮೈದ ಇಳಿದವನೇ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಎಳೆದು ನಿಲ್ಲಿಸಿದೆ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಹೊಂಚು ಹಾಕಿರುತ್ತದೆ. ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಕುಕ್ಕರಿನ ಮುಂದೆ ಇರುವ ಭಯಭಕ್ತಿ ಗಂಡಸರಿಗೆ ಕಾರಿನ ಮುಂದೆ ಯಾಕಿಲ್ಲವೋ!

ನಿಂತ ಪ್ರತಿ ಗಾಡಿಯವರದೂ ಒಂದೊಂದು ನಿದಾನ: ಥರ್ಮೋಸ್ಟಾಟ್ ಕಚ್ಚಿಕೊಂಡಿದೆ, ವಾಟರ್ ಪಂಪ್ ಹೋಗಿದೆ, ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಕೊನೆಯದನ್ನು ಹೇಳಿದವರ ದನಿಯಲ್ಲಿ ಸಾವಿನ ಮನೆಯ ಗಾಂಭೀರ್ಯ. ಖರ್ಚು ನೆನೆದು ನಾನೂ ಬೆವರಿದೆ.

ಒಬ್ಬ ಟೆಂಪೋ ಡ್ರೈವರ್ ಮಾತ್ರ ಕೀ ತಿರುಗಿಸಿ, ಬಗ್ಗಿ ನೋಡಿದ. "ಇಷ್ಟು ಕಾದಿದ್ರೂ ಫ್ಯಾನ್ ತಿರುಗ್ತಾ ಇಲ್ವಲ್ಲ ಸಾರ್?" ಫ್ಯೂಸ್ ಹೋಗಿತ್ತು, ಅಷ್ಟೇ! ಅಷ್ಟೇ ಆಂಪಿಯರಿನ ಹಾರ್ನ್ ಫ್ಯೂಸ್ ಕಿತ್ತು ಅಲ್ಲಿಗೆ ಸಿಕ್ಕಿಸಿದ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರು ತುಂಬಿ ಹೊರಟೆವು.

ಕೊಟ್ಟಿಗೆಹಾರದವರೆಗೂ ಪ್ರತಿ ತಿರುವಿನಲ್ಲಿ ಬಾಮೈದ ಕಿಟಕಿಯಿಂದ "ಪೋಂ ಪೋಂ" ಎಂದು ಕೂಗುತ್ತಿದ್ದ.