ದುಡ್ಡು ಹಿಡಿದು ನಿಂತ ರಸಿಕರು

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಹುಡುಕಿದರೆ ಊರಿಗೊಬ್ಬರಾದರೂ ಸಿಗುವ ಮನುಷ್ಯ ಇವರು. ವಯಸ್ಸು ಐವತ್ತು ದಾಟಿರುತ್ತದೆ. ಒಂದೆರಡು ಎಕರೆ ಅಡಿಕೆ ತೋಟ, ಇಲ್ಲವೇ ಮೇಷ್ಟರ ಪಿಂಚಣಿ, ಪುಣ್ಯವಂತರಿಗೆ ಎರಡೂ. ಜಗಲಿ ದಾಟಿ ಒಳಗೆ ಹೋದರೆ ಕಸೂತಿ ಬಟ್ಟೆ ಹೊದ್ದ ಟೇಪ್ ಡೆಕ್ಕು, ಪಕ್ಕದಲ್ಲಿ ಬೂಸಲು ಹಿಡಿಯಬಾರದೆಂದು ಮಳೆಗಾಲವಿಡೀ ಬಲ್ಬು ಉರಿಸಿಟ್ಟ ಕಪಾಟು. ಮನೆಯ ಕತ್ತಲೆ ಕೋಣೆಗೆ ಇಲ್ಲದ ಬಲ್ಬು ಅದಕ್ಕಿದೆ ಎಂಬುದು ಹೆಂಡತಿಯ ಹಳೆಯ ತಕರಾರು. ಕಪಾಟಿನಲ್ಲಿ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆಗೆ ಒಂದು ಇಡೀ ಸಾಲು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ 1978ರ ‘ನಿತ್ಯೋತ್ಸವ’ ಇದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿ, ಶಿವಮೊಗ್ಗದ ಹೆಸರು ಹೊತ್ತು, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಎನಿಸಿದ ಸುಬ್ಬಣ್ಣನವರಂತೂ ಇದ್ದೇ ಇರುತ್ತಾರೆ. ಎಲ್ಲವೂ ಒರಿಜಿನಲ್. ಡೇರೆ ಮೇಳ ಬಂದಾಗ ಭಾಗವತ ಸ್ವಂತ ಭಾವನೇ ಆಗಿದ್ದರೂ ಟಿಕೆಟ್ ಕೊಂಡೇ ಒಳಗೆ ಹೋಗುವ ಜಾತಿ ಇದು. ಪುಕ್ಕಟೆ ಸಿಗುವ ಹಾಡಿಗೆ ದುಡ್ಡು ಕೊಡುವ ಇವರನ್ನು ಊರು ಮರುಳರ ಪಟ್ಟಿಗೆ ಸೇರಿಸಿದೆ. ಕೊಡಲು ಬಂದ ದುಡ್ಡನ್ನು ಬೇಡವೆಂದ ಅಂಗಡಿಗಳ ಹೆಸರು ಆ ಪಟ್ಟಿಯಲ್ಲಿ ಇವರಿಗಿಂತ ಮೇಲೆ ಬರಬೇಕು ಎಂಬುದು ನನ್ನ ವಾದ.

ಕ್ಯಾಸೆಟ್ ಅಂಗಡಿಗಳು ಒಂದೊಂದಾಗಿ ಮೊಬೈಲ್ ರಿಪೇರಿಗೆ ತಿರುಗಿಕೊಂಡ ಮೇಲೆ ಇವರು ಮಗನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತರು. ಅಮೆರಿಕದಲ್ಲಿ ಐಟ್ಯೂನ್ಸ್ ಅಂಗಡಿ ಬಾಗಿಲು ತೆರೆದದ್ದು 2003ರ ಏಪ್ರಿಲ್‌ನಲ್ಲಿ, ಹಾಡಿಗೆ 99 ಸೆಂಟಿನಂತೆ. ಭಾರತದವರಿಗೆ ಅದೇ ಬಾಗಿಲು ತೆರೆದದ್ದು 2012ರ ಡಿಸೆಂಬರ್‌ನಲ್ಲಿ. ನಡುವಿನ ಒಂಬತ್ತೂವರೆ ವರ್ಷ ನಮ್ಮ ರಸಿಕರು ಗಾಜಿನಾಚೆಯ ಸರಕನ್ನು ನೋಡಿದರು, ಬೆಲೆ ಓದಿದರು, ಗುಂಡಿ ಒತ್ತಿದರು. ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ ಎಂಬ ಉತ್ತರ ಪಡೆದರು. ಗದಗ ಸೀಮೆಯ ಭೀಮಸೇನ ಜೋಶಿಯವರ ಕಛೇರಿಗಳನ್ನು ಲಂಡನ್ನಿನ ನವರಸ್ ಸಂಸ್ಥೆ ಹೊರತಂದಿದೆ, ನಿಖಿಲ್ ಬ್ಯಾನರ್ಜಿಯವರ ಸಿತಾರನ್ನು ನ್ಯೂಯಾರ್ಕಿನ ರಾಗ ರೆಕಾರ್ಡ್ಸ್. ಇಲ್ಲಿಯ ಕಂಠ ಕಡಲು ದಾಟಬಹುದು, ವಾಪಸು ಬರುವುದಕ್ಕೆ ಮಾತ್ರ ವಿಳಾಸದ ಪುರಾವೆ ಬೇಕು. ಹೋಲಿಕೆಗೆ ಇವರ ಅಡಿಕೆಯನ್ನೇ ನೋಡಿ. ತೀರ್ಥಹಳ್ಳಿಯ ರಾಶಿ ಕಾನ್ಪುರಕ್ಕೆ ಹೋಗುತ್ತದೆ. ಅಗಿಯುವವನ ಪಿನ್‌ಕೋಡ್ ಯಾವುದೆಂದು ಮಂಡಿಯಲ್ಲಿ ಈವರೆಗೆ ಯಾರೂ ಕೇಳಿಲ್ಲ.

ಪಿನ್‌ಕೋಡ್ ಎಂದಾಗ ಒಂದು ಸ್ವಾರಸ್ಯ ಹೇಳಲೇಬೇಕು. ಅಂಗಡಿಯನ್ನು ಮಣಿಸಲು ಉಳಿದ ದಾರಿ ಅಮೆರಿಕದ ವಿಳಾಸ ಕೊಡುವುದು. ಆ ದೇಶದ ಅಂಚೆಸಂಖ್ಯೆಗೆ ಐದೇ ಅಂಕಿ. ಸಾಗರದ 577401, ಹೊಸನಗರದ 577418, ತೀರ್ಥಹಳ್ಳಿಯ 577432 ಇವುಗಳ ಬಾಲದ ಅಂಕಿಯನ್ನು ಕತ್ತರಿಸಿದರೆ ಮೂರೂ ತಾಲ್ಲೂಕು ಒಟ್ಟಿಗೆ ಸೌತ್ ಡಕೋಟ ರಾಜ್ಯದ ಪಶ್ಚಿಮ ಭಾಗಕ್ಕೆ ಹೋಗಿ ಬೀಳುತ್ತವೆ, ಏಕೆಂದರೆ ಅಲ್ಲಿಯ ಸಂಖ್ಯೆಗಳು ಶುರುವಾಗುವುದೂ 577ರಿಂದಲೇ. ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ ರಶ್‌ಮೋರ್ ಬೆಟ್ಟ ಇರುವುದು ಅದೇ ಸೀಮೆಯಲ್ಲಿ. ಒಂದು ಅಂಕಿಯ ತ್ಯಾಗದಿಂದ ಹೊಸನಗರದ ಗೃಹಸ್ಥರು ಲಿಂಕನ್ನರ ನೆರೆಯವರಾಗಬಹುದು. ಆದರೆ ಟಿಕೆಟ್ ಇಲ್ಲದೆ ಆಟ ನೋಡದ ಮನುಷ್ಯನಿಗೆ ಸುಳ್ಳು ವಿಳಾಸ ಬರೆಯಲು ಕೈ ಬರುತ್ತದೆಯೇ? ಹಾಗಾಗಿ ಸ್ಯಾನ್ ಹೋಸೆಯಲ್ಲಿರುವ ಮಗನಿಗೆ ಫೋನು. ಮಗ ಮೊದಲು ಡಿವಿಡಿ ತಂದುಕೊಟ್ಟ. ಅಮೆರಿಕದ ಡಿವಿಡಿ ಒಂದನೇ ವಲಯದ್ದು, ಭಾರತದ ಯಂತ್ರ ಐದನೇ ವಲಯದ್ದು. ಅಪ್ಪಯ್ಯನ ಪ್ಲೇಯರು ತಟ್ಟೆಯನ್ನು ಮರ್ಯಾದೆಯಿಂದಲೇ ಹೊರಗೆ ಹಾಕಿತು. ಆಮೇಲೆ ಗಿಫ್ಟ್ ಕಾರ್ಡ್ ಕಳಿಸಿದ. ಅಮೆರಿಕದ ಕಾರ್ಡು ಅಮೆರಿಕದ ಖಾತೆಯಲ್ಲಷ್ಟೇ ಚಲಾವಣೆ. ಕೊನೆಗೆ ಮಗ ಬೇಸತ್ತು, “ಅಪ್ಪಯ್ಯ, ಯೂಟ್ಯೂಬಲ್ಲೇ ಕೇಳಿ ಮಾರಾಯ್ರೆ” ಎಂದ.

ಮಗನ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಈ ಕಾಲದ ಎಲ್ಲರ ಆಕ್ಷೇಪಣೆಯೂ ಅದೇ. ಹಾಡನ್ನು ಕೊಳ್ಳುವುದೇಕೆ, ಬೇಕಾದಾಗ ಕೇಳಿದರೆ ಸಾಲದೇ? ಕೇಳುವುದಕ್ಕೆ ನೆಟ್‌ವರ್ಕ್ ಬೇಕು ಎಂಬುದು ಮೊದಲ ಉತ್ತರ. ಶರಾವತಿ ಹಿನ್ನೀರಿನ ಆಚೆ ಈಚೆ, ನಗರದ ಕಾಡಂಚಿನಲ್ಲಿ, ಆಗುಂಬೆಯ ಕೆಳಮಗ್ಗುಲಲ್ಲಿ ಜನ ಫೋನು ಹಿಡಿದು ಗುಡ್ಡ ಹತ್ತುವುದು ವಾಯುವಿಹಾರಕ್ಕಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ದಿನವನ್ನು ಲೈನ್‌ಮನ್ ಕೂಡ ಹೇಳಲಾರ. ಭಾಗವತಿಕೆಯ ಏರು ಸ್ವರದಲ್ಲಿ ವೃತ್ತಾಕಾರದ ಚಿಹ್ನೆ ಗಿರಗಿರನೆ ಸುತ್ತತೊಡಗಿದರೆ ಕೇಳುವವರ ರಕ್ತದೊತ್ತಡವೇ ಮೂರನೇ ಕಾಲಕ್ಕೆ ಏರುತ್ತದೆ. ಎರಡನೇ ಉತ್ತರ ಇದಕ್ಕಿಂತ ಗಟ್ಟಿ. ಫ್ಲಿಪ್‌ಕಾರ್ಟಿನ ‘ಫ್ಲೈಟ್’ ಅಂಗಡಿ ಚಿಲ್ಲರೆ ದುಡ್ಡಿಗೆ ಎಂಪಿ3 ಮಾರಲು 2012ರ ಫೆಬ್ರವರಿಯಲ್ಲಿ ಶುರುವಾಗಿ 2013ರ ಜೂನ್‌ನಲ್ಲಿ ಮುಚ್ಚಿತು. ಬಾಡಿಗೆಗೆ ಹಾಡು ಕೇಳಿಸುವ ವಿಂಕ್ ಬಂದು 2024ರಲ್ಲಿ ಹೋಯಿತು. ಮುಚ್ಚಿದ ಫ್ಲೈಟಿನಿಂದ ಇಳಿಸಿಕೊಂಡ ಹಾಡು ಇವತ್ತಿಗೂ ಕಪಾಟಿನ ಪಕ್ಕದ ಹಾರ್ಡ್‌ಡಿಸ್ಕಿನಲ್ಲಿ ಹಾಡುತ್ತದೆ; ಬಾಡಿಗೆಗೆ ಕೇಳಿದ್ದು ಅಂಗಡಿಯ ಜೊತೆಗೇ ಹೋಯಿತು. ಕೊಂಡಿಟ್ಟುಕೊಳ್ಳುವ ಹಟವನ್ನು ಇವರ ಹಳೆಯ ಕಾಲದ ಗೀಳು ಎನ್ನುವವರು ಈ ಲೆಕ್ಕಕ್ಕೆ ಏನು ಹೇಳುತ್ತಾರೋ.

ಅಂಗಡಿಯವರ ಪರವಾದ ವಾದ ಇನ್ನೂ ಬಲವಾದದ್ದು. ಹಾಡಿನ ಹಕ್ಕು ಒಂದೇ ಗಂಟಲ್ಲ. ಬರೆದವರದು, ರಾಗ ಹಾಕಿದವರದು, ಧ್ವನಿ ಮುದ್ರಿಸಿದ ಕಂಪನಿಯದು ಎಂದು ಪಾಲಾಗಿ, ಮತ್ತೆ ದೇಶದೇಶಕ್ಕೆ ಬೇರೆ ಬೇರೆಯಾಗಿ ಮಾರಾಟವಾಗಿರುತ್ತದೆ. ಅನುಮತಿ ಇಲ್ಲದ ಕಡೆ ಮಾರಿದರೆ ಅಂಗಡಿಯೇ ಕಳ್ಳ. ಒಪ್ಪತಕ್ಕ ಮಾತು. ಸ್ವೀಡನ್ನಿನಲ್ಲಿ 2008ರಲ್ಲೇ ಹಾಡತೊಡಗಿದ ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ, ಅದೂ ವಾರ್ನರ್ ಕಂಪನಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ ಗದ್ದಲದ ನಡುವೆ. ಕಾನೂನೂ ಗಡಿಗೊಂದು ಥರ. ನಮ್ಮ 1957ರ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು 60 ವರ್ಷ. 1955ರ ತಟ್ಟೆಯೊಂದು ಇಲ್ಲಿ 2015ಕ್ಕೇ ಬಿಡುಗಡೆ ಹೊಂದಿತು, ಅಮೆರಿಕದ ಲೆಕ್ಕದಲ್ಲಿ 2065ರವರೆಗೆ ಸೆರೆ. ಇಷ್ಟೆಲ್ಲ ನಿಜವಾದರೂ, ಹಕ್ಕಿನ ಬೇಲಿ ಹಾಡಿದವರಿಗೆ ಕಾಸು ತಲುಪಲಿ ಎಂದು ಹಾಕಿದ್ದು ತಾನೇ? ಇಲ್ಲಿ ಬೇಲಿ ತಡೆಯುತ್ತಿರುವುದು ಕಾಸನ್ನೇ. ಕಳ್ಳನಿಗೆ ಅದು ತಗುಲುವುದೇ ಇಲ್ಲ. ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ಹುಡುಗರು ಗಿರಾಕಿಯ ದೇಶ ಕೇಳಲಿಲ್ಲ, ಎಷ್ಟು ಜಿಬಿ ಎಂದಷ್ಟೇ ಕೇಳಿದರು.

ಇಂಥವರು ಎಷ್ಟು ಮಂದಿ, ಮಾರುಕಟ್ಟೆಯೇ ಇಲ್ಲವಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಇದೇ ಮಂದಿಯನ್ನು ನಂಬಿ ತಾಲ್ಲೂಕು ಪೇಟೆಗಳಲ್ಲಿ ಅಂಗಡಿಗಳು ಬಾಳಿದವು. ಒಂದು ಕ್ಯಾಸೆಟ್ಟಿಗಾಗಿ ಬೆಳಗಿನ ಬಸ್ಸು ಹತ್ತಿ ಸಂಜೆ ಬಸ್ಸಿಗೆ ಮರಳುವವರು ಮಾರುಕಟ್ಟೆ ಅಲ್ಲದಿದ್ದರೆ ಇನ್ನಾರು? ಅವರಲ್ಲಿ ಕೆಲವರು ಕಾದು ಕಾದು ಸೋತು, ಮೆಮೊರಿ ಕಾರ್ಡ್ ತುಂಬಿಸಿಕೊಂಡದ್ದೂ ಉಂಟು. ಅದರ ಪಾಪದಲ್ಲಿ ಬಾಗಿಲು ಹಾಕಿ ಕೂತವರಿಗೂ ಸಮಪಾಲು ಬರೆಯಬೇಕು. ಉಳಿದವರು ಈಗಲೂ ವಿದೇಶದ ಅಂಗಡಿಗಳ ಮುಂದೆ ನಿಂತಿದ್ದಾರೆ. ಹೊಸ ತೊಡಕು ಕಾರ್ಡಿನದು. ರಿಸರ್ವ್ ಬ್ಯಾಂಕು 2020ರಲ್ಲಿ ತಂದ ನಿಯಮದಿಂದ ಹೊಸ ಕಾರ್ಡುಗಳ ವಿದೇಶಿ ವ್ಯವಹಾರವನ್ನು ಗ್ರಾಹಕ ತಾನೇ ಕೇಳಿ ತೆರೆಸಿಕೊಳ್ಳಬೇಕು. ಮೋಸಗಾರರ ಕಾಟ ನೋಡಿದರೆ ಒಳ್ಳೆಯ ನಿಯಮವೇ. ನಮ್ಮ ರಸಿಕರು ಬ್ಯಾಂಕಿಗೆ ಹೋಗಿ, ಈ ವಯಸ್ಸಿನಲ್ಲಿ ವಿದೇಶದಲ್ಲೇನು ಖರೀದಿ ಎಂಬ ಮ್ಯಾನೇಜರರ ನೋಟವನ್ನು ಸಹಿಸಿ, ಅರ್ಜಿಗೆ ಸಹಿ ಹಾಕಿ ಅದನ್ನೂ ತೆರೆಸಿಕೊಂಡಿದ್ದಾರೆ. ಇನ್ನು ಓಟಿಪಿ ಒಂದು ಬರಬೇಕು. ವೈಫೈ ಇರುವುದು ಮನೆಯಲ್ಲಿ, ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಮೊಮ್ಮಗನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಕೂಗಿದರೆ ಕೇಳುವಷ್ಟೇ ದೂರದ ಗುಡ್ಡವನ್ನು ಆರಿಸಿಕೊಂಡಿದ್ದಾರೆ.