ಗುಡಿಸುವ ಸಾಹೇಬರು

ತಾಲ್ಲೂಕು ಕಚೇರಿಯಿಂದ ವಿಧಾನಸೌಧದವರೆಗೆ ಎಲ್ಲಿ ಹೋದರೂ ಇವರು ಸಿಗುತ್ತಾರೆ: ವರ್ಗವಾಗಿ ಬಂದ ವಾರದೊಳಗೇ ಕಚೇರಿಯನ್ನು ಶುದ್ಧಿ ಮಾಡಿಬಿಡುವ ಸಾಹೇಬರು. ಮೊದಲು ಮೇಜಿನ ದಿಕ್ಕು ಬದಲಾಗುತ್ತದೆ (ಇದು ಸುಧಾರಣೆಯೋ ವಾಸ್ತುವೋ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ). ಆಮೇಲೆ ಸುತ್ತೋಲೆ. ಬೀರುವಿನ ಮೇಲಿದ್ದ ಕಡತಗಳೆಲ್ಲ ಕೆಳಗಿಳಿದು, ಧೂಳು ಕೊಡವಿಸಿಕೊಂಡು, ಹೊಸ ರಟ್ಟು ತೊಟ್ಟು, ದಾರ ಬಿಗಿಸಿಕೊಂಡು ಮತ್ತೆ ಅದೇ ಬೀರುವಿನ ಮೇಲೆ ಕೂರುತ್ತವೆ. ಸಾಹೇಬರು ಸೋಮಾರಿಯಲ್ಲ, ಲಂಚಕೋರರೂ ಅಲ್ಲ. ಕಣ್ಣಿಗೆ ಬಿದ್ದದ್ದನ್ನು ಮಾತ್ರ ಕಸವೆಂದು ನಂಬಿದ್ದಾರೆ, ಅಷ್ಟೇ. ಒಂದು ಖಾತೆ ಬದಲಾವಣೆಯ ಅರ್ಜಿ ಎಷ್ಟು ಮೇಜು ಹತ್ತಿ ಇಳಿಯುತ್ತದೆ, ಅವುಗಳಲ್ಲಿ ಎಷ್ಟು ಮೇಜು ಬೇಕೇ ಇಲ್ಲ ಎಂಬುದು ಪೊರಕೆಗೆ ಸಿಗುವ ಲೆಕ್ಕವಲ್ಲ.

ಗಡುವು ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹಾಕಿದ್ದೂ ಆಯಿತು. 2011ರ ಸಕಾಲ ಕಾಯ್ದೆ ಸೇವೆಗಳಿಗೆ ದಿನ ಗೊತ್ತುಮಾಡಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ. ಒಳ್ಳೆಯ ಕಾಯ್ದೆಯೇ. ಆದರೆ ಗಡುವಿನ ಹಿಂದಿನ ಸಂಜೆ ‘ದಾಖಲೆಗಳು ಅಪೂರ್ಣ’ ಎಂದು ಹಿಂಬರಹ ಕೊಟ್ಟರೂ ಅರ್ಜಿ ವಿಲೇವಾರಿಯಾದಂತೆಯೇ. ನಮ್ಮ ಅಂಗಳದ ಕಸವನ್ನು ಪಕ್ಕದ ಮನೆಯ ಬಾಗಿಲಿಗೆ ತಳ್ಳಿದರೂ ನಮ್ಮ ಅಂಗಳವೇನೋ ಸ್ವಚ್ಛವೇ ತಾನೆ? ಅರ್ಜಿದಾರ ಬರಿಗೈಲಿ ಬಸ್ ಹತ್ತುತ್ತಾನೆ, ಪ್ರಗತಿ ಪರಿಶೀಲನಾ ಸಭೆಯಲ್ಲಿ ಸಾಹೇಬರ ಬಾಕಿ ಸೊನ್ನೆ.

ಹಾಗೆಂದು ಗುಡಿಸುವುದೇ ಬೇಡವೇ? ಬೇಕು. ಅಚ್ಚುಕಟ್ಟಾದ ರೆಕಾರ್ಡ್ ರೂಮ್ ಇಲ್ಲದೆ ಮಾಹಿತಿ ಹಕ್ಕಿನ ಅರ್ಜಿಗೆ ‘ಕಡತ ಲಭ್ಯವಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗದು. ಮೂಲದ ಸುಧಾರಣೆ ಸರ್ಕಾರದ ಕೆಲಸ, ಪಾಪ ಸಾಹೇಬರೇನು ಮಾಡಿಯಾರು ಎಂಬ ವಾದದಲ್ಲೂ ಹುರುಳಿದೆ. ಆದರೆ ಸರ್ಕಾರವೂ ಸುಮ್ಮನೆ ಕೂತಿಲ್ಲ. ಹಾರನಹಳ್ಳಿ ರಾಮಸ್ವಾಮಿಯವರ ಆಡಳಿತ ಸುಧಾರಣಾ ಆಯೋಗ ಆಯಿತು, 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರ ನೇತೃತ್ವದಲ್ಲಿ ಎರಡನೆಯದೂ ಬಂತು. ಆಡಳಿತದ ಕಸ ಎಲ್ಲಿದೆ ಎಂದು ಹೇಳುವ ವರದಿಗಳಿಗೆ ಈ ರಾಜ್ಯದಲ್ಲಿ ಬರವಿಲ್ಲ; ಅವುಗಳ ಮೇಲಿನ ಧೂಳನ್ನೂ ಸಾಹೇಬರು ಆಗಾಗ ಒರೆಸಿಸುತ್ತಾರೆ, ಪುಟ ತೆರೆಯುವುದಿಲ್ಲ. ತೆರೆದರೆ ಕಷ್ಟವಿದೆ. ಒಂದು ಮೇಜು ತೆಗೆದರೆ ಒಂದು ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಬಡ್ತಿಯ ಏಣಿಯಲ್ಲಿ ಒಂದು ಮೆಟ್ಟಿಲು ಕಡಿಮೆ. ಆ ಏಣಿಯ ನಡುವೆ ಸಾಹೇಬರೂ ನಿಂತಿದ್ದಾರೆ. ಆದ್ದರಿಂದ ಈ ತಿಂಗಳು ಕಿಟಕಿಗಳಿಗೆ ಬಣ್ಣ.