ಕೀವರ್ಡ್ ಕೂಟ ನಿರ್ಣಯ

ಬಸವನಗುಡಿಯ ದೊಡ್ಡ ಗಣಪತಿಗೂ ಪಕ್ಕದ ಬಸವಣ್ಣನಿಗೂ ಕೈಮುಗಿದು ಈ ಗ್ರಂಥಕ್ಕೆ ತೊಡಗುತ್ತೇನೆ. ವಿಷಯ: ರೆಸ್ಯೂಮೆಯ ಪದವೂ ಕಂಪನಿ ಜಾಹೀರಾತಿನ ಪದವೂ ಕೂಡಿಬರುವ ಬಗೆ. ಅಧಿಕಾರಿಗಳು: ಬಿ.ಕಾಂ. ಮುಗಿಸಿದವರು, ಮತ್ತು ಅವರಿಗೆ ಊಟ ಹಾಕುತ್ತಿರುವವರು. ಪ್ರಯೋಜನ: ಇಂಟರ್‌ವ್ಯೂ. ಸಂಬಂಧ: ಇದೆಯೋ ಇಲ್ಲವೋ ಎಂಬುದೇ ಇಲ್ಲಿನ ಜಿಜ್ಞಾಸೆ.

ಈ ವಿದ್ಯೆ ಅಮೆರಿಕದಿಂದ ಬಂತೆನ್ನುವುದು ಪೂರ್ವಪಕ್ಷ. ಅದು ನಿಲ್ಲುವುದಿಲ್ಲ. ಕಂಪ್ಯೂಟರ್ ಹುಟ್ಟುವ ಎಷ್ಟೋ ಮುಂಚೆಯೇ ನಮ್ಮ ಜೋಯಿಸರು ಸಾಲಾವಳಿ ನೋಡುತ್ತಿದ್ದರು. ಅಷ್ಟಕೂಟದಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ಹೀಗೆ ಏರುತ್ತ ನಾಡಿಗೆ 8, ಒಟ್ಟು 36. ಹದಿನೆಂಟು ಮುಟ್ಟದಿದ್ದರೆ ಜಾತಕ ವಾಪಸ್, ಹುಡುಗನ ಮುಖವನ್ನು ಯಾರೂ ನೋಡುವುದಿಲ್ಲ. ಕಂಪನಿಗಳು ಅರ್ಜಿ ಸೋಸಲು ಇಟ್ಟುಕೊಂಡಿರುವ ಎಟಿಎಸ್ ಎಂಬ ತಂತ್ರಾಂಶದ ಕೆಲಸವೂ ಇದೇ. ಕಡತದಿಂದ ಅಕ್ಷರ ಹೆಕ್ಕಿ, ಹೆಸರು, ಓದು, ಅನುಭವ ಎಂದು ಖಾನೆಗಳಿಗೆ ತುಂಬುತ್ತದೆ; ಬೇಕಾದ ಪದ ಇದ್ದವರನ್ನು ಮುಂದೆ ತರುತ್ತದೆ; ಎಷ್ಟೋ ಕಡೆ ಅಂಕವನ್ನೂ ಹಾಕುತ್ತದೆ. ನೋಟಿಸ್ ಪೀರಿಯಡ್ 90 ದಿನ ಎಂದಿದ್ದರೆ ಸಾಕ್ಷಾತ್ ನಾಡಿದೋಷ. ಒಂದೇ ವ್ಯತ್ಯಾಸ: ಜೋಯಿಸರು ದೋಷಕ್ಕೆ ಶಾಂತಿಯನ್ನಾದರೂ ಹೇಳುತ್ತಾರೆ.

ಎಲ್ಲ ಪದಕ್ಕೂ ಒಂದೇ ತೂಕವೇ? ಅಲ್ಲ ಎಂದು 1972ರಲ್ಲಿ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ ಬರೆದರು. ಎಷ್ಟು ಕಡಿಮೆ ಕಡತಗಳಲ್ಲಿ ಕಾಣುತ್ತದೋ ಆ ಪದಕ್ಕೆ ಅಷ್ಟು ಹೆಚ್ಚು ತೂಕ. ಬಸವನಗುಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯ ನಡುವೆ ನಿಂತು ‘ಕಡಲೆಕಾಯಿಯವನು ಎಲ್ಲಿ?’ ಎಂದರೆ ನಗುತ್ತಾರೆ. ‘ಕೊಡೆ ರಿಪೇರಿಯವನು ಎಲ್ಲಿ?’ ಎಂದರೆ ಬೆರಳು ತೋರಿಸುತ್ತಾರೆ. ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್ ಇತ್ಯಾದಿಗಳು ಶುದ್ಧ ಕಡಲೆಕಾಯಿ.

ಇನ್ನು ಪ್ರತ್ಯಕ್ಷ ಪ್ರಮಾಣ. ನನ್ನ ತಂಗಿಯ ಮಗ ಮಲ್ಲೇಶ್ವರದಲ್ಲಿ ಒಂದು ಗ್ರಂಧಿಗೆ ಅಂಗಡಿಯ ಲೆಕ್ಕ ನಾಲ್ಕು ವರ್ಷ ಬರೆದವನು. ಅರಿಸಿನ ಕುಂಕುಮವನ್ನು ಸಾಲಕ್ಕೆ ಕೊಂಡವರಿಂದಲೂ ನಗುನಗುತ್ತ ದುಡ್ಡು ಎಬ್ಬಿಸಿದವನು. ರೆಸ್ಯೂಮೆಯಲ್ಲಿ ಪ್ರಾಮಾಣಿಕವಾಗಿ, ಇಂಗ್ಲಿಷ್ ಅಕ್ಷರಗಳಲ್ಲೇ, ‘ಉದ್ರಿ ವಸೂಲಿ’ ಎಂದು ಬರೆದ. ರಾತ್ರಿ ಹನ್ನೊಂದಕ್ಕೆ ಅರ್ಜಿ ಹಾಕಿದ. ಆರು ನಿಮಿಷಕ್ಕೆ ‘ವಿಷಾದಿಸುತ್ತೇವೆ’ ಎಂದು ಉತ್ತರ. ‘ಮಾವ, ಆರು ನಿಮಿಷದಲ್ಲಿ ಯಾರು ವಿಷಾದಿಸಿದರು?’ ಎಂದು ಕೇಳಿದ. ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ.

ಪದದ ಅರ್ಥದ ವಿಚಾರಕ್ಕೆ ಬಂದರೆ, 1915ರಲ್ಲಿ ಹುಟ್ಟಿದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ಮಾಡಿದೆ. ಒಂದು ಪದಕ್ಕೆ ಎಷ್ಟು ಅರ್ಥವಿದ್ದೀತು ಎಂದು ವಿದ್ವಾಂಸರು ದಶಕಗಟ್ಟಲೆ ತಲೆ ಕೆಡಿಸಿಕೊಂಡರು. ಈಚಿನ ಕೆಲವು ಯಂತ್ರಗಳೂ ಪದಗಳ ನಂಟನ್ನು ಹಿಡಿಯುತ್ತವೆ. ನಮ್ಮ ಹುಡುಗನಿಗೆ ಗಂಟುಬಿದ್ದದ್ದು ಆ ಪೈಕಿಯದಲ್ಲ. ಜಾಹೀರಾತಿನಲ್ಲಿದ್ದದ್ದು ‘ಅಕೌಂಟ್ಸ್ ರಿಸೀವಬಲ್’. ಉದ್ರಿಯೂ ಅದೇ, ಆದರೆ ಗೋತ್ರ ಬೇರೆ.

ಗೆಳೆಯನೊಬ್ಬ ಜಾಹೀರಾತನ್ನೇ ಬಿಳಿ ಅಕ್ಷರದಲ್ಲಿ ರೆಸ್ಯೂಮೆಯ ಅಡಿ ಬಚ್ಚಿಡು ಎಂದ. ಅದು ಅಧರ್ಮ, ಅಲ್ಲದೆ ಅಕ್ಷರ ಹೆಕ್ಕಿದಾಗ ಬಿಳಿಯೂ ಕರಿಯೂ ಒಟ್ಟಿಗೇ ಎದ್ದು ಬರುತ್ತವೆ. ನಾವು ಅಕ್ಷರ ಹೆಕ್ಕಲು ತೊಡಕಾಗುವ ಎರಡು ಕಾಲಂ, ಟೇಬಲ್ಲು, ಫೋಟೊ ಎಲ್ಲ ಕಿತ್ತು, ಉದ್ರಿಗೆ ಇಂಗ್ಲಿಷ್ ನಾಮಕರಣ ಮಾಡಿ, ಇನ್ನೊಂದು ಕಂಪನಿಗೆ ಕಳಿಸಿದೆವು. ಅಲ್ಲಿ ‘ಲಾಸ್ಟ್ ನೇಮ್’ ಖಾನೆ ತುಂಬದೆ ಗುಂಡಿ ಒತ್ತಲಾಗಲಿಲ್ಲ. ಅವನಿಗಿರುವುದು ಎರಡು ಇನಿಷಿಯಲ್, ಮೊದಲನೆಯದು ಊರು. ಊರನ್ನೇ ತುಂಬಿದ.

ಕರೆ ಬಂತು. ಎದುರು ಕೂತಿದ್ದ ಹಿರಿಯರು, ‘ಅಕೌಂಟ್ಸ್ ರಿಸೀವಬಲ್ ಅಂತ ಬರೆದಿದ್ದೀರಿ, ಅಂಗಡಿಯಲ್ಲಿ ನಿಜಕ್ಕೂ ಏನು ಮಾಡ್ತಿದ್ರಿ?’ ಎಂದರಂತೆ.

‘ಉದ್ರಿ ವಸೂಲಿ, ಸಾರ್.’

‘ಹಾಗೇ ಬರೆಯೋದಲ್ವೇನ್ರೀ!’

ಕೆಲಸ ಸಿಕ್ಕಿದೆ. ಆಫರ್ ಲೆಟರ್ ‘ಮಿಸ್ಟರ್ ಮಾಗಡಿ’ ಎಂಬವರ ಹೆಸರಿಗೆ ಬಂದಿದೆ.